ಎಂಬತ್ತರ ಫ್ಯೂಸೂ ಬೀಗರ ಮೂಗೂ

ಹುಣಸೂರಿನ ಬಜಾರ್ ರಸ್ತೆಯಲ್ಲಿ ಗೋಣಿತಾಟು, ಹುರಿ ಮಾರುವ ಗಂಗಾಧರಪ್ಪನವರಿಗೆ ಊಟ ತಿಂಡಿಯಂತೆ ಹೆದರಿಕೆಯೂ ಹೊತ್ತುಹೊತ್ತಿಗೆ ಬೇಕು. ಸಂಜೆ ಅಂಗಡಿಗೆ ಬೀಗ ಹಾಕಿ, ಎಳೆದು ನೋಡಿ, ಮನೆಯ ಮೆಟ್ಟಿಲು ಹತ್ತುವಾಗ, ತಾವು ಎಳೆದದ್ದು ತಮ್ಮ ಬೀಗವೋ ಪಕ್ಕದಂಗಡಿಯ ಬೀಗವೋ ಎಂದು ಸಂಶಯ ಬಂದು, ವಾಪಸ್ ಹೋಗಿ ಎರಡನ್ನೂ ಎಳೆದು ಬರುವ ಜೀವ ಅದು. ಪಕ್ಕದಂಗಡಿಯವರು ಇದಕ್ಕೆ ಸಿಟ್ಟಾಗುತ್ತಿರಲಿಲ್ಲ. ಬಿಟ್ಟಿ ಕಾವಲುಗಾರ ಸಿಕ್ಕಿದ್ದಾರೆಂದು ನೆಮ್ಮದಿಯಾಗಿ ಮಲಗುತ್ತಿದ್ದರು.

ಇಂಥವರು ಒಂದು ಹಳೇ ಅಂಬಾಸಿಡರ್ ಕಾರು ಕೊಂಡರು. ಕೊಂಡರು ಎನ್ನುವುದಕ್ಕಿಂತ, ಭಾವಮೈದುನ ನಿಂಗರಾಜು ಕೊಳ್ಳಿಸಿದ ಎನ್ನುವುದು ಸರಿ. ಮೈಸೂರಿನಲ್ಲಿ ಟ್ಯಾಕ್ಸಿಯಾಗಿ ಓಡಿ ಓಡಿ ಸುಸ್ತಾಗಿದ್ದ ಗಾಡಿ. ಗಂಗಾಧರಪ್ಪನವರಿಗೆ ಓಡಿಸಲು ಬಾರದು, ನಿಂಗರಾಜುವಿಗೆ ಓಡಿಸುವುದೊಂದು ಬಿಟ್ಟು ಬೇರೇನೂ ಬಾರದು. ಹಾಗಾಗಿ ಯಜಮಾನಿಕೆ ಇವರದು, ಕಾರು ಅವನದು ಎಂಬಂತೆ ಸಂಸಾರ ನಡೆದಿತ್ತು.

ಕಾರಿಗೆ ಮೊದಲ ದೊಡ್ಡ ಕೆಲಸ ಶ್ರಾವಣದಲ್ಲಿ ಬಂತು. ಒಬ್ಬಳೇ ಮಗಳು ಶಿವಾನಿಗೆ ಪಿರಿಯಾಪಟ್ಟಣದ ಆಚೆ ಹಾರನಹಳ್ಳಿಯಿಂದ ಸಂಬಂಧ ಕೂಡಿಬಂದಿತ್ತು. ಹುಡುಗ ಕಾಂತರಾಜ್. ಅವನಪ್ಪ ಷಣ್ಮುಖಪ್ಪ ಹೊಗೆಸೊಪ್ಪು, ಶುಂಠಿ ಬೆಳೆಯುವ ಭಾರಿ ಕುಳ. ಅವರಿಬ್ಬರ ಮೇಲೆ ಅಜ್ಜಿ ನೀಲಾಂಬಿಕೆಯಮ್ಮನ ಆಡಳಿತ. ಆ ಮನೆಯ ಶುದ್ಧಾಚಾರ ಎಂಥದ್ದೆಂದರೆ, ಕೋಳಿಯೊಂದು ದಾರಿತಪ್ಪಿ ಅಂಗಳಕ್ಕೆ ಬಂದರೆ ಅಂಗಳ ಸಾರಿಸಿ ವಿಭೂತಿ ಚಿಮುಕಿಸುತ್ತಿದ್ದರಂತೆ. ಅವರು ಬಂದು ಹುಡುಗಿ ನೋಡಿ ಒಪ್ಪಿಯಾಗಿತ್ತು. ಇನ್ನು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿಬಂದರೆ ಮಾತು ಮುಗಿದಂತೆ.

ಹಿಂದೆ ಬಂದ ಸಂಬಂಧಗಳು ಕೊನೇ ಗಳಿಗೆಯಲ್ಲಿ ಕೈತಪ್ಪಿದ್ದವು. ಇದೂ ತಪ್ಪಿದರೆ ಮಗಳ ಗತಿಯೇನು ಎಂದು ಗಂಗಾಧರಪ್ಪನವರ ಹೊಸ ಹೆದರಿಕೆ. ಶಿವಾನಿ ಚಿನ್ನದಂಥ ಹುಡುಗಿ. ಕೊರತೆ ಎಂದರೆ ಒಂದೇ, ಚಿಕ್ಕಂದಿನಿಂದ ನೆಗಡಿ ಬಿಟ್ಟಿರಲಿಲ್ಲ, ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಒಲೆಯ ಮೇಲಿನ ಹಾಲು ತಳಹಿಡಿದು ಬೀದಿಯವರೆಲ್ಲ ಮೂಗು ಮುಚ್ಚಿಕೊಂಡು ಓಡಿಬಂದರೂ, ಅವಳು ಪಕ್ಕದಲ್ಲೇ ನಿಂತು ವಾರಪತ್ರಿಕೆ ಓದುತ್ತಿರುತ್ತಿದ್ದಳು. ಇದನ್ನು ಬೀಗರಿಗೆ ಹೇಳಬೇಕೇ ಬೇಡವೇ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

“ಭಾವ, ಅವ್ರ ಮನೇಲಿ ಸುಮೋ ಅದೆ. ಸುಮೋದಲ್ಲಿ ಹಾಡಿನ ಸೆಟ್ ಅದೆ,” ಎಂದ ನಿಂಗರಾಜು. “ನಾವು ಸುಮ್ಕೆ ಗುರ್ ಅನ್ಕಂಡು ಹೋಗಿ ನಿಂತ್ರೆ, ಬಾಡ್ಗೆ ಗಾಡೀಲಿ ಬಂದವ್ರೆ ಅಂದ್ಕತಾರೆ. ಊರ ಬಾಗಿಲಲ್ಲೇ ಸೌಂಡ್ ಕೇಳ್ಬೇಕು ಕಣ ಭಾವ. ಆಂಪ್ಲಿಫೈಯರ್ ಹಾಕ್ಸನ.”

ಬಾಡಿಗೆ ಗಾಡಿ ಎಂಬ ಮಾತು ನಾಟಿತು. ಆಂಪ್ಲಿಫೈಯರ್ ಬಂತು. ಅದರ ಡಬ್ಬದ ಮೇಲೆ ಎರಡು ಸಾವಿರ ವ್ಯಾಟ್ ಎಂದು ಬೆಂಕಿಯ ಚಿತ್ರದೊಡನೆ ಬರೆದಿತ್ತು. ಗಂಗಾಧರಪ್ಪನವರಿಗೆ ವ್ಯಾಟ್ ಕಾಣಲಿಲ್ಲ, ಬೆಂಕಿ ಮಾತ್ರ ಕಂಡಿತು.

ಕಾರ್ ಸೆಟ್ ಅಂಗಡಿಯ ಶಶಿ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಕೆಲಸ ಮಾಡಿದ. ಬ್ಯಾಟರಿಯಿಂದ ಒಂದು ಕೆಂಪು ವೈರು ಹೊರಟು, ಮುಂದಿನ ಸೀಟಿನಡಿ ತೂರಿ, ಡಿಕ್ಕಿ ಸೇರಿತು. ಬ್ಯಾಟರಿಯ ಪಕ್ಕದಲ್ಲೇ ಒಂದು ಗಾಜಿನ ಕೊಳವೆಯ ಫ್ಯೂಸು ಕೂತಿತು.

“ಎಷ್ಟರದ್ದು ಹಾಕ್ದೆ?” ಎಂದು ಕೇಳಿದ ನಿಂಗರಾಜು.

“ಮೂವತ್ತು ಆಂಪು.”

“ಎರಡು ಸಾವಿರ ವ್ಯಾಟಿಗೆ ಬರೀ ಮೂವತ್ತಾ? ಮರ್ಯಾದೆ ಬ್ಯಾಡ್ವೇನ್ಲಾ?”

“ಡಬ್ಬದ ಮೇಲೆ ಏನ್ ಬೇಕಾದ್ರೂ ಬರ್ಕತಾರೆ. ಈ ಫ್ಯೂಸ್ ಇರೋದು ಆಂಪ್ಲಿಫೈಯರ್ಗಲ್ಲ ಕಣಣ್ಣ, ವೈರಿಗೆ. ನೀವು ತಂದಿರೋ ವೈರು ತೆಳ್ಳಗದೆ. ಮೂವತ್ತರ ಮೇಲೆ ಕರೆಂಟು ಹರುದ್ರೆ ಕಾಯ್ತದೆ. ಅದಕ್ಕೇ ಮೊದ್ಲು ಫ್ಯೂಸ್ ಹೋಗ್ಬೇಕು.”

ಹೋಗುವುದಕ್ಕೆಂದೇ ಒಂದು ವಸ್ತುವನ್ನು ಹಾಕುವುದು ನಿಂಗರಾಜುವಿಗೆ ಅಪಶಕುನವಾಗಿ ಕಂಡಿತು.

ಅವತ್ತು ಸಂಜೆ ಬಜಾರ್ ರಸ್ತೆಯಲ್ಲಿ ಪ್ರದರ್ಶನ. ನಿಂಗರಾಜು ಭಾವನ ಅಂಗಡಿ ಮುಂದೆ ಕಾರು ನಿಲ್ಲಿಸಿ, ಹೊಟ್ಟೆಗೆ ಜಾಗ ಮಾಡಿಕೊಳ್ಳಲು ಸೀಟನ್ನು ಗರಕ್ಕನೆ ಹಿಂದಕ್ಕೆ ತಳ್ಳಿ, ಸೌಂಡು ಏರಿಸಿದ. ಡಬ್ ಎಂದು ಒಂದು ಸಲ ಗುದ್ದಿತು. ಗೋಣಿತಾಟಿನ ಧೂಳು ಮೇಲೆದ್ದಿತು. ಆಮೇಲೆ ಏನೂ ಇಲ್ಲ. ಫ್ಯೂಸು ಹೋಗಿತ್ತು.

ರಸ್ತೆಯಲ್ಲಿ ಜನ ನೆರೆದರು. ನಿವೃತ್ತ ಲೈನ್‌ಮನ್ ಅಂಕಯ್ಯ ಕನ್ನಡಕ ಏರಿಸಿ ಬ್ಯಾಟರಿ ನೋಡಿದರು. “ಫ್ಯೂಸ್ ಹೋಯ್ತು ಅಂದ್ರೆ ಏನರ್ಥ? ಸಣ್ಣದಾಯ್ತು ಅಂತ. ನಾನು ಸರ್ವೀಸಲ್ಲಿದ್ದಾಗ ಯಾರ ಮನೇದಾದ್ರೂ ಎರಡ್ನೇ ಸತಿ ಹೋಯ್ತು ಅಂದ್ರೆ ಮೂರೆಳೆ ತಂತಿ ಸೇರ್ಸಿ ಕಟ್ಬುಡ್ತಿದ್ದೆ. ಮತ್ತೆ ಕರೀತಿರ್ಲಿಲ್ಲ ಯಾರೂ.”

ಹುರಿ ಕೊಳ್ಳಲು ಬಂದಿದ್ದ ಗಾವಡಗೆರೆಯ ಚೆಲುವಯ್ಯ ಅದಕ್ಕೂ ಮೇಲೆ ಹೋದ. “ನಮ್ ಪಂಪ್‌ಸೆಟ್ಗೆ ನಾನು ಸೈಕಲ್ ಕಡ್ಡಿನೇ ಸಿಗ್ಸಿವ್ನಿ. ಇವತ್ತಿನವರ್ಗೂ ಫ್ಯೂಸ್ ಹೋಗಿಲ್ಲ ಕಣ್ರೀ.”

“ಮೋಟ್ರು?” ಎಂದು ಗಂಗಾಧರಪ್ಪ ಕೇಳಿದರು.

“ಮೋಟ್ರು ಹೋಯ್ತದೆ. ವರ್ಸಾ ವರ್ಸಾ ಹೋಯ್ತದೆ. ಫ್ಯೂಸ್ ಹೋಗಕಿಲ್ಲ.”

ಇಷ್ಟು ಅನುಭವಿಗಳು ಹೇಳಿದ ಮೇಲೆ ಇನ್ನೇನು? ನಿಂಗರಾಜು ಶಶಿಯ ಅಂಗಡಿಗೆ ಹೋಗಿ, ಇದ್ದುದರಲ್ಲೆಲ್ಲ ದೊಡ್ಡದು ಕೊಡು ಎಂದ. ಎಂಬತ್ತು ಆಂಪಿನದೊಂದು ಸಿಕ್ಕಿತು. ಶಶಿ ಅದನ್ನು ಹಾಕಲು ಒಪ್ಪಲಿಲ್ಲ. ನಿಂಗರಾಜು ತಾನೇ ಒತ್ತಿ ಕೂರಿಸಿದ. ಜೊತೆಗೆ ಹೋಗಿದ್ದ ಗಂಗಾಧರಪ್ಪನವರ ಕೈಗೆ ಶಶಿ ಮೂವತ್ತರದೊಂದು ಹೊಸ ಫ್ಯೂಸು ಕೊಟ್ಟು ಹೇಳಿದ:

“ಇದು ಜೇಬಲ್ಲಿರ್ಲಿ ಯಜಮಾನ್ರೇ. ವೈರು ಎಲ್ಲೋ ಕಾರಿನ ತಗಡಿಗೆ ತಾಗ್ತಾ ಅದೆ, ಅದ್ಕೇ ಹೋಗಿರೋದು. ನಾಡಿದ್ದು ತನ್ನಿ, ಬಿಚ್ಚಿ ನೋಡ್ತೀನಿ. ಅಲ್ಲೀವರ್ಗೂ ಈ ಎಂಬತ್ತು ಹೋಗಕಿಲ್ಲ, ವೈರೇ ಹತ್ಕತದೆ. ಮೊದ್ಲು ವಾಸ್ನೆ ಬರ್ತದೆ. ವಾಸ್ನೆ ಬಂದ್ರೆ ಹಿಂದೆ ಮುಂದೆ ನೋಡ್ಬೇಡಿ, ಇಳ್ಕಂಡ್ಬುಡಿ.”

ಮನೆ ನೋಡುವ ಶಾಸ್ತ್ರ ಇದ್ದದ್ದು ಮಾರನೇ ದಿನ, ಸೋಮವಾರ. ನಾಡಿದ್ದಿನವರೆಗೆ ಕಾಯುವ ಹಾಗಿರಲಿಲ್ಲ. ಶಶಿಯ ಮಾತಿನಲ್ಲಿ ಉಳಿದದ್ದೆಲ್ಲ ಗಂಗಾಧರಪ್ಪನವರ ತಲೆಯಲ್ಲಿ ಹಿಂದೆ ಸರಿಯಿತು. ವಾಸನೆ ಎಂಬುದೊಂದು ಮೂಗಿನಲ್ಲಿ ಕೂತುಬಿಟ್ಟಿತು.

ಬೆಳಿಗ್ಗೆ ಹೆಂಡತಿ ಸರ್ವಮಂಗಳ ರೇಷ್ಮೆ ಸೀರೆಯುಟ್ಟು ಹಿಂದೆ ಕೂತರು. ಗಂಗಾಧರಪ್ಪ ಹೊಸ ಶಲ್ಯ ಹೊದ್ದು ಮುಂದೆ ಕೂತು, ಕಾರು ಹೊರಡುವ ಮೊದಲೇ ಮೂಸತೊಡಗಿದರು. ಆದರೆ ಅದು ಹೊಗೆಸೊಪ್ಪು ಬೇಯಿಸುವ ಕಾಲ. ದಾರಿಯ ಎಡಕ್ಕೊಂದು ಬಲಕ್ಕೊಂದು ಸೊಪ್ಪು ಒಣಗಿಸುವ ಬ್ಯಾರನ್ ಮನೆ, ಒಂದೊಂದರ ಒಲೆಗೂ ದಿಮ್ಮಿ ತುರುಕಿ ಹೊಗೆ ಎಬ್ಬಿಸಿದ್ದರು. ಇಡೀ ತಾಲ್ಲೂಕೇ ಸುಟ್ಟ ವಾಸನೆ ಹೊಡೆಯುತ್ತಿರುವಾಗ, ಅದರೊಳಗಿಂದ ಒಂದು ವೈರಿನ ವಾಸನೆಯನ್ನು ಹೆಕ್ಕುವುದು ಹೇಗೆ?

“ನಿಲ್ಸು, ನಿಲ್ಸು!” ಎನ್ನುವರು. ಕಾರು ನಿಲ್ಲುವುದು. ಬಾನೆಟ್ ಎತ್ತಿ ತಲೆ ಒಳಗಿಟ್ಟು ಮೂಸುವರು.

“ಅದು ಬ್ಯಾರನ್ ಕಣ ಭಾವ.”

“ಇದು ಬೇರೆ ಥರ ಅದೆ ಕಣೋ.”

“ಅದು ಬೇರೆ ಬ್ಯಾರನ್.”

“ರೀ, ಸುಮ್ನೆ ಕೂತ್ಕಳಿ,” ಎಂದರು ಸರ್ವಮಂಗಳ. “ನಿಮ್ ಮೂಗಲ್ಲಿ ಅರ್ಧನಾದ್ರೂ ನಿಮ್ ಮಗಳಿಗೆ ಬಂದಿದ್ರೆ ಹಾಲಾದ್ರೂ ಉಳೀತಿತ್ತು.”

ಹಾರನಹಳ್ಳಿಯ ಬಾಗಿಲಲ್ಲೇ ಸೌಂಡು ಕೇಳಿಸಿತು. ದನಗಳು ಗೂಟ ಕಿತ್ತವು. ಷಣ್ಮುಖಪ್ಪ, ಕಾಂತರಾಜ್ ಕೈಮುಗಿದು ಎದುರುಗೊಂಡರು. ನಿಂಗರಾಜು ಠೀವಿಯಿಂದ ಕಾರನ್ನು ತಿರುಗಿಸಿ ತಂದು ನಿಲ್ಲಿಸಿದ್ದು ಮನೆಯ ಪಕ್ಕದ ಹುಲ್ಲಿನ ಮೆದೆಯ ಪಕ್ಕದಲ್ಲಿ. ಮೆದೆಗೂ ಕಾರಿಗೂ ನಡುವೆ ಒಂದು ಮೇಕೆ ನುಸುಳುವಷ್ಟು ಜಾಗ. ಗಂಗಾಧರಪ್ಪ ಅದನ್ನು ಕಣ್ಣಲ್ಲೇ ಅಳೆದರು. ಎಂಬತ್ತರ ಫ್ಯೂಸು, ತೆಳ್ಳನೆ ವೈರು, ಒಣಹುಲ್ಲು. ಬೀಗರ ಮನೆ ನೋಡಲು ಬಂದು ಬೀಗರ ಮನೆ ಸುಟ್ಟವರು ಹುಣಸೂರಿನಲ್ಲಿ ಈವರೆಗೆ ಯಾರೂ ಇರಲಿಲ್ಲ.

ಕಾರು ತೆಗೆಸಿ ಎಂದು ಬಾಯಿಬಿಟ್ಟು ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಹತ್ತಿಕೊಳ್ಳುವ ಕಾರಿನಲ್ಲಿ ಬಂದಿದ್ದೇವೆ ಎಂದು ಹೇಳಿದರೆ ಸಂಬಂಧದ ಗತಿ? ಮೂಸುತ್ತಲೇ ಒಳಗೆ ನಡೆದರು. ನಿಂಗರಾಜು ಊರ ಹುಡುಗರಿಗೆ ಸೆಟ್ ತೋರಿಸುತ್ತೇನೆಂದು ಕಾರಿನಲ್ಲೇ ಉಳಿದ. ಉಳಿದವರು ಹಜಾರದ ಜಮಖಾನದ ಮೇಲೆ ಕೂತರು. ಕೇಸರಿಬಾತು ಬಂತು. ಗಂಗಾಧರಪ್ಪ ತಟ್ಟೆಯನ್ನು ಮೂಗಿನ ಹತ್ತಿರ ತಂದು ಮೂಸಿ, ಇದಲ್ಲ ಎಂದು ತಲೆಯಾಡಿಸಿ, ಕೆಳಗಿಟ್ಟರು.

“ಮನೆ ನೋಡ್ಬೋದಾ?” ಎಂದು ಎದ್ದರು.

ನೋಡಲು ತಾನೆ ಬಂದಿರುವುದು! ಎಲ್ಲ ಕೋಣೆಯನ್ನೂ ತೋರಿಸಿದರು. ಆದರೆ ಇವರಿಗೆ ಕೋಣೆ ಬೇಡ, ಕಾರು ಕಾಣುವ ಕಿಟಕಿ ಬೇಕು. ಒಳಗೆ ಹೋದವರೇ ನೇರ ಕಿಟಕಿಗೆ ಹೋಗಿ ಕಣ್ಣು ಮುಚ್ಚಿ ಮೂಗು ಅರಳಿಸಿ ಉಸಿರೆಳೆಯುವರು. ಷಣ್ಮುಖಪ್ಪನವರ ಕೋಣೆಯ ಕಿಟಕಿಯ ಪಕ್ಕದ ಮೊಳೆಗೆ ಅವರ ಶರಟು ನೇತುಬಿದ್ದಿತ್ತು. ಗಂಗಾಧರಪ್ಪ ಅಲ್ಲಿ ನಿಂತು ಉಸಿರೆಳೆದು, ಅನುಮಾನದಿಂದ ಹುಬ್ಬು ಗಂಟಿಕ್ಕಿ, ಮತ್ತೊಮ್ಮೆ ಎಳೆದರು.

ಬಾಗಿಲಲ್ಲಿ ನಿಂತಿದ್ದ ಷಣ್ಮುಖಪ್ಪನವರ ಹೆಂಡತಿ ಅಡುಗೆಮನೆಗೆ ಓಡಿ ಗಂಡನನ್ನು ಕರೆದರು. “ರೀ, ಬೀಗರು ಮೂಸ್ತಾವ್ರೆ ಕಣ್ರೀ!”

“ಏನ್ನ?”

“ನಿಮ್ ಶರಟ್ನ.”

ಷಣ್ಮುಖಪ್ಪನವರ ಮುಖ ಬಿಳಿಚಿಕೊಂಡಿತು. ಆ ಶರಟು ತೊಟ್ಟು ಅವರು ಮೊನ್ನೆ ಶನಿವಾರ ಶುಂಠಿ ವ್ಯಾಪಾರಕ್ಕೆಂದು ಗೋಣಿಕೊಪ್ಪಕ್ಕೆ ಹೋಗಿದ್ದರು. ವ್ಯಾಪಾರ ಮುಗಿದ ಮೇಲೆ ಅಲ್ಲಿ ಏನು ನಡೆಯಿತು ಎನ್ನುವುದು ಅವರಿಗೂ, ರಸ್ತೆಬದಿಯ ಒಂದು ಕ್ಯಾಂಟೀನಿನವನಿಗೂ ಮಾತ್ರ ಗೊತ್ತಿತ್ತು.

“ಯಾರೋ ಚಾಡಿ ಹೇಳವ್ರೆ. ಅದ್ಕೇ ಪರೀಕ್ಷೆ ಮಾಡೋಕೆ ಬಂದವ್ರೆ,” ಎಂದರು. “ಸಾಂಬ್ರಾಣಿ ಹಾಕು. ಬೇಗ ಹಾಕು!”

ಸಾಂಬ್ರಾಣಿ ಬಿತ್ತು. ಅದರ ಹೊಗೆ ಹಜಾರಕ್ಕೆ ನುಗ್ಗಿತು. ಹೊಗೆ ಕಂಡ ಗಂಗಾಧರಪ್ಪ, ಆಯಿತು, ಹತ್ತಿಕೊಂಡಿತು ಎಂದು ಹಿತ್ತಿಲಿಗೆ ಓಡಿ ಮೂಸಿದರು, ಕಾಂತರಾಜನ ಕೋಣೆಗೆ ಓಡಿ ಹಾಸಿಗೆ ಹತ್ತಿ ಮೇಲಿನ ಕಿಂಡಿಯಲ್ಲಿ ಮೂಸಿದರು. ಹಾಸಿಗೆಯ ಕೆಳಗೆ ತನ್ನದೇ ಒಂದು ದಾಸ್ತಾನು ಇಟ್ಟಿದ್ದ ಕಾಂತರಾಜ್ ತಾನೂ ಹೋಗಿ ಒಂದು ಕಟ್ಟು ಊದುಬತ್ತಿ ಹಚ್ಚಿದ. ಬೀಗರು ಮೂಸಿದಷ್ಟೂ ಹೊಗೆ ಹೆಚ್ಚಿತು, ಹೊಗೆ ಹೆಚ್ಚಿದಷ್ಟೂ ಬೀಗರು ಮೂಸಿದರು. ಒಬ್ಬರ ಮುಖ ಒಬ್ಬರಿಗೆ ಕಾಣದ ಸ್ಥಿತಿ ಬಂತು. ಮಧ್ಯದಲ್ಲಿ ಮಣೆಯ ಮೇಲೆ ಕೂತಿದ್ದ ನೀಲಾಂಬಿಕೆಯಮ್ಮನಿಗೆ ಮಾತ್ರ ಯಾವ ವ್ಯತ್ಯಾಸವೂ ತಿಳಿದಂತಿರಲಿಲ್ಲ.

“ಬೀಗರೇ, ಶ್ರಾವಣ ಅಲ್ವಾ,” ಎಂದು ಷಣ್ಮುಖಪ್ಪ ಕೆಮ್ಮುತ್ತ ನಕ್ಕರು. “ಸಾಂಬ್ರಾಣಿ.”

“ಗೊತ್ತು. ಅದರ ಅಡೀಲಿ ಇನ್ನೊಂದು ವಾಸ್ನೆ ಅದೆ.”

ಗಂಗಾಧರಪ್ಪನವರಿಗೆ ಇನ್ನು ತಡೆಯಲಾಗಲಿಲ್ಲ. ಸಂಬಂಧ ಹೋದರೆ ಹೋಗಲಿ, ಈ ಮನೆಯ ಮುದುಕಿ ಮಕ್ಕಳು ಬೆಂಕಿಗೆ ಸಿಕ್ಕಬಾರದು, ಕಾರಿನ ವಿಷಯ ಹೇಳಿಯೇಬಿಡೋಣ ಎಂದು ಎದ್ದು ನಿಂತರು. “ಇನ್ನು ಮುಚ್ಚಿಟ್ಟು ಪ್ರಯೋಜ್ನ ಇಲ್ಲ. ನೀಲಾಂಬಿಕೆಯಮ್ಮೋರ ಮುಂದೆ ನಿಜ ಹೇಳ್ಬುಡೋದೇ ಒಳ್ಳೇದು—”

“ನಾನೇ ಹೇಳ್ತೀನಿ!” ಎಂದು ಷಣ್ಮುಖಪ್ಪ ತಾಯಿಯ ಕಾಲಿಗೆ ಬಿದ್ದರು. “ಅವ್ವ, ಆಮ್ಲೆಟ್ಟು.”

“ಏನ್ಲಾ ಅದು?”

“ಮೊಟ್ಟೇದು, ಅವ್ವ. ಗೋಣಿಕೊಪ್ಪದಲ್ಲಿ.”

ನೀಲಾಂಬಿಕೆಯಮ್ಮನ ಕೈಯ ಜಪಮಣಿ ನಿಂತಿತು. “ಶ್ರಾವಣದಲ್ಲಾ? ಸೋಮಾರವೇನ್ಲಾ?”

“ಸೋಮಾರ ಅಲ್ಲ ಅವ್ವ, ಶನಿವಾರ.”

“ಅಂಗಾದ್ರೆ ಹೋದ ಸೋಮಾರ ಹೋಗಿದ್ದು?”

“ಹೋದ ಸೋಮಾರ ಬರೀ ಬೇಯ್ಸಿದ್ದು.”

ಅಪ್ಪನ ಗತಿ ಕಂಡು ಕಾಂತರಾಜನ ಧೈರ್ಯವೂ ಕರಗಿತು. ಬೀಗರು ತನ್ನ ಹಾಸಿಗೆ ಹತ್ತಿದ್ದನ್ನು ಕಣ್ಣಾರೆ ಕಂಡಿದ್ದನಲ್ಲ! “ಅಜ್ಜಿ, ಹಾಸ್ಗೆ ಕೆಳ್ಗೆ ಇರೋದು ನಂದೇ. ಸಿಗ್ರೇಟು. ನಾಳೆಯಿಂದ ಬುಟ್ಬುಡ್ತೀನಿ.”

ನೀಲಾಂಬಿಕೆಯಮ್ಮ ರೌದ್ರಾವತಾರ ತಾಳಿ ಮಣೆಯಿಂದ ಎದ್ದರು. ಎದ್ದ ರಭಸಕ್ಕೆ ಅವರ ಸೊಂಟದಿಂದ ಏನೋ ಜಾರಿ, ಟಣ್ ಎಂದು ನೆಲಕ್ಕೆ ಬಿದ್ದು, ಉರುಳಿ ಬಂದು ಗಂಗಾಧರಪ್ಪನವರ ಕಾಲ ಬಳಿ ನಿಂತು, ಮುಚ್ಚಳ ತೆರೆಯಿತು. ನಶ್ಯದ ಡಬ್ಬಿ. ಎಷ್ಟೋ ವರ್ಷಗಳಿಂದ ಆ ಮನೆಯಲ್ಲಿ ಯಾರೂ ನೋಡಿರದ ಡಬ್ಬಿ. ಗಂಗಾಧರಪ್ಪ ಅಭ್ಯಾಸಬಲದಿಂದ ಬಗ್ಗಿ ಅದನ್ನೂ ಮೂಸಿದರು. ತಾರಸಿ ಅದುರುವಂತೆ ಸೀನಿದರು. ಸೀನಿದ್ದೇ ತಡ, ಮೂಗಿನಲ್ಲಿದ್ದ ಬ್ಯಾರನ್ನು, ಸಾಂಬ್ರಾಣಿ, ಊದುಬತ್ತಿ ಎಲ್ಲ ಖಾಲಿಯಾಗಿ, ಈ ಸಲ ಸ್ಪಷ್ಟವಾಗಿ ರಬ್ಬರ್ ಸುಡುವ ವಾಸನೆ ಬಂತು.

“ಭಾವಾ!” ಎಂದು ಹೊರಗಿನಿಂದ ನಿಂಗರಾಜು ಕೂಗಿದ.

ಹುಡುಗರ ಮುಂದೆ ಜಂಬ ಕೊಚ್ಚಲು ಅವನು ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಒರಗಿದ್ದ. ಸೀಟಿನ ಕಬ್ಬಿಣದ ಪಟ್ಟಿ ಕೆಳಗಿನ ಕೆಂಪು ವೈರನ್ನು ಕಡಿದು ಕಾರಿನ ತಗಡಿಗೆ ಒತ್ತಿಹಿಡಿದಿತ್ತು. ಎಂಬತ್ತರ ಫ್ಯೂಸು ಗಟ್ಟಿಮುಟ್ಟಾಗಿ ಕೂತಿತ್ತು. ವೈರು ಬೀಡಿಯಂತೆ ಉದ್ದಕ್ಕೂ ಹೊಗೆಯಾಡುತ್ತಿತ್ತು. ಸೀಟಿನಡಿಯ ತೆಂಗಿನ ನಾರು ಹತ್ತಿಕೊಂಡಿತ್ತು. ನಿಂಗರಾಜು ಮೆದೆಯ ಇನ್ನೊಂದು ಕಡೆಗೆ ಓಡಿ ನಿಂತಿದ್ದ.

ಆಗ, ತಮ್ಮ ನೆರಳಿಗೂ ಹೆದರುವ ಗಂಗಾಧರಪ್ಪ ಬಾನೆಟ್ ಎತ್ತಿದರು. ಹೊಸ ಶಲ್ಯವನ್ನು ಕೈಗೆ ಸುತ್ತಿಕೊಂಡು ಕಾದ ಫ್ಯೂಸನ್ನು ಹಿಡಿದು ಕಿತ್ತೆಸೆದರು. ನಿನ್ನೆ ಸಂಜೆಯಿಂದ ಆ ಫ್ಯೂಸನ್ನು ಬಿಟ್ಟು ಬೇರೇನನ್ನೂ ಯೋಚಿಸದಿದ್ದ ಮನುಷ್ಯನಿಗೆ ಅದು ಎಲ್ಲಿದೆಯೆಂದು ಹುಡುಕುವ ಅಗತ್ಯವೇ ಬೀಳಲಿಲ್ಲ. ಕಾಂತರಾಜ್ ಬಿಂದಿಗೆ ಬಿಂದಿಗೆ ನೀರು ತಂದು ಸೀಟಿಗೆ ಸುರಿದ. ಮೆದೆಗೆ ಕಿಡಿ ತಾಗಲಿಲ್ಲ.

ಎಲ್ಲ ತಣ್ಣಗಾದ ಮೇಲೆ ಷಣ್ಮುಖಪ್ಪ ನಿಧಾನವಾಗಿ ಕೇಳಿದರು. “ಬೀಗರೇ, ಅಂಗಾದ್ರೆ ನೀವು ಬೆಳಿಗ್ಗೆಯಿಂದ ಮೂಸ್ತಿದ್ದದ್ದು ಈ ಕಾರ್ನಾ?”

“ಊಂ. ಇನ್ನೇನ್ನ ಮೂಸ್ತಾರೆ?”

ಅಪ್ಪ ಮಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟದಲ್ಲಿದ್ದ ಸಂಕಟವನ್ನು ಬರೆದು ತಿಳಿಸುವುದು ಕಷ್ಟ. ಸರ್ವಮಂಗಳ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂಬಂಧ ಮುರಿಯಿತು ಎಂದು ಗಂಗಾಧರಪ್ಪನವರಿಗೆ ಖಾತ್ರಿಯಾಯಿತು. ಬೀಗರ ಮಾನ ಕಳೆದವರ ಮನೆಯ ಹೆಣ್ಣನ್ನು ಯಾರು ಕೇಳುತ್ತಾರೆ?

ಆದರೆ ನೀಲಾಂಬಿಕೆಯಮ್ಮ ಕೋಲೂರಿಕೊಂಡು ಅವರ ಮುಂದೆ ಬಂದು ನಿಂತರು. “ನಶ್ಯ ಏರ್ಸಿ ಏರ್ಸಿ ನನ್ ಮೂಗು ಸತ್ತೋಗದೆ ಕಣಪ್ಪ. ಮೊಟ್ಟೆ ತಿಂದ್ಕಂಡು ಬಂದು ನನ್ ಪಕ್ಕದಲ್ಲೇ ಕುಂತು ಲಿಂಗಪೂಜೆ ಮಾಡವ್ನೆ, ನಂಗೆ ಗೊತ್ತಾಗಿಲ್ಲ. ನೀನು ಬಂದ ಗಳ್ಗೇಲಿ ಎಲ್ಲಾರ ಬಣ್ಣಾನೂ ಬಯ್ಲಾಯ್ತು. ನಿನ್ ಮಗ್ಳಿಗೂ ಇದೇ ಮೂಗು ಬಂದದಾ?”

ಗಂಗಾಧರಪ್ಪ ಬಾಯಿ ತೆರೆದರು. ಸರ್ವಮಂಗಳ ಅವರ ಕಾಲು ತುಳಿದರು. “ಇವ್ರ ಮಗ್ಳೇ ಅಲ್ವಾ, ಅವ್ವ,” ಎಂದರು.

“ಸಾಕು. ಈ ಮನೇಗೆ ಅಂತಾ ಮೂಗು ಒಂದು ಬೇಕೇ ಬೇಕು. ನಾನು ಒಪ್ಪಿದ್ದೀನಿ.”

ನೀಲಾಂಬಿಕೆಯಮ್ಮ ಒಪ್ಪಿದರು, ಸರಿ. ಒಪ್ಪಿಗೆ ಕೇಳಿ ಷಣ್ಮುಖಪ್ಪ, ಕಾಂತರಾಜ್ ಇಬ್ಬರೂ ಹೆಣದಂತೆ ಬಿಳಿಚಿದ್ದನ್ನು ಗಂಗಾಧರಪ್ಪ ನೋಡಿದ್ದರು. ಊರಿಗೆ ಬಂದ ಮೇಲೆ ಹಾರನಹಳ್ಳಿಯಿಂದ ಫೋನಿಲ್ಲ, ಮಾತಿಲ್ಲ. ಶಶಿ ದಪ್ಪನೆ ವೈರು ಎಳೆದು, ಸೀಟಿನಿಂದ ದೂರ ಸಾಗಿಸಿ, ಅದಕ್ಕೆ ತಕ್ಕ ಫ್ಯೂಸು ಹಾಕಿಕೊಟ್ಟ. ಸೆಟ್ ಚೆನ್ನಾಗಿಯೇ ಹಾಡಿತು. ಗಂಗಾಧರಪ್ಪನವರಿಗೆ ಅನ್ನ ಇಳಿಯಲಿಲ್ಲ. ಇಲ್ಲದ ಮೂಗನ್ನು ಇದೆ ಎಂದು ಹೇಳಿ ಮಗಳನ್ನು ಕೊಡುವುದೇ? ಮದುವೆಯಾದ ಮಾರನೇ ದಿನ ಆ ಮನೆಯ ಹಾಲು ತಳಹಿಡಿದರೆ?

ಒಂದು ಸಂಜೆ ಷಣ್ಮುಖಪ್ಪ ಒಬ್ಬರೇ ಬಸ್ಸಿಳಿದು ಅಂಗಡಿಗೆ ಬಂದರು. ಮುಖ ಬಾಡಿತ್ತು. ಗೋಣಿಯ ಮೇಲೆ ಕೂತು, ಹೇಗೆ ಶುರುಮಾಡುವುದೆಂದು ತಿಳಿಯದೆ ಹುರಿಯ ಉಂಡೆ ತಿರುವುತ್ತ, “ಹುಡ್ಗಿ ಒಳ್ಳೇಳೇ… ಆದ್ರೂ ಬೀಗರೇ, ನಮ್ ಮನೆ…” ಎಂದರು.

ಮುರಿಯಲು ಬಂದಿದ್ದಾರೆ ಎಂದು ಗಂಗಾಧರಪ್ಪನವರಿಗೆ ತಿಳಿಯಿತು. ಹೇಗೂ ಮುರಿಯುವುದಾದರೆ ಸುಳ್ಳೊಂದನ್ನು ಉಳಿಸಿಕೊಂಡು ಯಾಕೆ ಮುರಿಯಬೇಕು? ಕಣ್ಣಲ್ಲಿ ನೀರು ತುಂಬಿತು. “ಒಂದು ಮಾತು ಮುಚ್ಚಿಟ್ಟಿದ್ದೆ. ನಮ್ ಹುಡ್ಗೀಗೆ ವಾಸ್ನೆ ಗೊತ್ತಾಗಕಿಲ್ಲ ಬೀಗರೇ. ಚಿಕ್ಕಂದಿನಿಂದ್ಲೂ ಅಂಗೇ.”

ಷಣ್ಮುಖಪ್ಪನವರ ಕೈಯಿಂದ ಹುರಿಯ ಉಂಡೆ ಜಾರಿತು. “ಏನೂ ಗೊತ್ತಾಗಕಿಲ್ವಾ?”

“ಏನೂ ಇಲ್ಲ.”

“ಸಿಗ್ರೇಟು?”

“ಇಲ್ಲ.”

ಷಣ್ಮುಖಪ್ಪ ಬೀದಿಯ ಎರಡೂ ಕಡೆ ನೋಡಿ ದನಿ ತಗ್ಗಿಸಿದರು. “ಮೊ… ಮೊಟ್ಟೆ?”

“ಪಕ್ಕದಲ್ಲೇ ಕೊಳ್ತಿದ್ದು ಒಡುದ್ರೂ ಗೊತ್ತಾಗಕಿಲ್ಲ.”

ಷಣ್ಮುಖಪ್ಪ ಎದ್ದು ಬೀಗರನ್ನು ಬಾಚಿ ತಬ್ಬಿಕೊಂಡರು. “ನಮ್ ಪುಣ್ಯ! ಬರೋ ಸೋಮಾರವೇ ವೀಳ್ಯ ಬದಲಾಯ್ಸ್ಕಳನ. ಇದೊಂದು ನಮ್ಮವ್ವಂಗೆ ಮಾತ್ರ ಹೇಳ್ಬೇಡಿ.” ಆಮೇಲೆ ಶಲ್ಯ ಸರಿಮಾಡಿಕೊಂಡು, ಸುಮ್ಮನೆ ನೆನಪಾಯಿತು ಎಂಬಂತೆ ಕೇಳಿದರು: “ಬಸ್ಸಿಗೆ ಇನ್ನೂ ಹೊತ್ತದೆ. ಇಲ್ಲೆಲ್ಲಾದ್ರೂ ಮರೇಲಿ ಒಂದು ಕ್ಯಾಂಟೀನು…?”

ಗಂಗಾಧರಪ್ಪ ಅಂಗಡಿಗೆ ಬೀಗ ಹಾಕಿ ಬೀಗರ ಜೊತೆ ನಗುತ್ತ ಹೊರಟರು. ಬೀಗ ಎಳೆದು ನೋಡುವುದನ್ನು ಅವತ್ತು ಮರೆತೇಬಿಟ್ಟರು, ವಾಪಸ್ಸೂ ಬರಲಿಲ್ಲ. ಪಕ್ಕದಂಗಡಿಯವರಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.